ಕಾಪಾಡಿದ್ದು ಯಾಕೆ?

2024ರ ಆಗಸ್ಟ್ 6ರ ರಾತ್ರಿ ಸದಾಶಿವಗಡದ ಅಕ್ಕನ ಮನೆಯಲ್ಲಿ ಊಟ ಮಾಡಿ ಕಾರವಾರಕ್ಕೆ ಹೊರಟಾಗ ಹತ್ತು ಗಂಟೆ ಆಗುತ್ತಾ ಬಂದಿತ್ತು. ಮಳೆ ಜೋರಿರಲಿಲ್ಲ, ಹನಿಯುತ್ತಿತ್ತು ಅಷ್ಟೆ. ಕಾಳಿ ನದಿಯ ಹಳೆಯ ಸೇತುವೆಯ ಮೇಲೆ ಸ್ಕೂಟರ್ ಓಡಿಸುತ್ತ, ಮರುದಿನ ಮಕ್ಕಳಿಗೆ ಮಾಡಬೇಕಿದ್ದ ವಿಭಕ್ತಿ ಪ್ರತ್ಯಯದ ಪಾಠವನ್ನು ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದೆ. ಸೇತುವೆಯ ಬಗ್ಗೆ ಯೋಚಿಸಲಿಲ್ಲ. ದಿನಾ ದಾಟುವ ಸೇತುವೆಯ ಬಗ್ಗೆ ಯಾರಾದರೂ ಯೋಚಿಸುತ್ತಾರೆಯೇ? ಅದು ಬಿದ್ದದ್ದು ಸುಮಾರು ಮೂರು ತಾಸಿನ ಮೇಲೆ, ನಡುರಾತ್ರಿ ಕಳೆದು ಒಂದು ಗಂಟೆಯ ಹೊತ್ತಿಗೆ. ಮನೆ ಮುಟ್ಟಿದೆ ಎಂದು ಫೋನ್ ಮಾಡಲು ನಾನು ಮರೆತಿದ್ದೆ. ಬೆಳಿಗ್ಗೆ ಐದೂವರೆಗೆ ಅಕ್ಕನೇ ಮಾಡಿದಳು. ನನ್ನ ದನಿ ಕೇಳಿದ್ದೇ ಅಳುವುದಕ್ಕೆ ಶುರು ಮಾಡಿದಳು, ಏನಾಯಿತೆಂದು ಹೇಳಲು ಅವಳಿಗೆ ಎರಡು ನಿಮಿಷ ಬೇಕಾಯಿತು.

ಅಮ್ಮ ಅಡುಗೆಮನೆಯಲ್ಲಿ ಗಂಜಿಗೆ ಕುಚ್ಚಲಕ್ಕಿ ತೊಳೆಯುತ್ತಿದ್ದಳು. ಅವಳಿಗೆ ಎಂಬತ್ತೆರಡು. ಅಕ್ಕಿ ತೊಳೆದ ಮೊದಲ ನೀರನ್ನು ಈಗಲೂ ಚೆಲ್ಲುವವಳಲ್ಲ, ಹಿತ್ತಲ ಬಸಳೆ ಬುಡಕ್ಕೆಂದು ತಂಬಿಗೆಯಲ್ಲಿ ಎತ್ತಿಡುತ್ತಾಳೆ. ನಾನು ಸೇತುವೆಯ ಸುದ್ದಿ ಹೇಳಿದೆ. ನದಿಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಜೀವಸಹಿತ ಎತ್ತಿದ್ದನ್ನು ಹೇಳಿದೆ. ಕೊನೆಗೆ ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು ನನ್ನ ಬಾಯಲ್ಲೂ ಬಂತು: “ದೇವರು ನನ್ನನ್ನು ಕಾಪಾಡಿದ.” ಅಮ್ಮ ಒದ್ದೆ ಕೈಯಲ್ಲೇ ಶಿಲುಬೆಯ ಗುರುತು ಹಾಕಿಕೊಂಡಳು. ನೀರು ಬಸಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು: “ಕಿತ್ಯಾಕ್?”

ನಮ್ಮ ಮನೆಮಾತು ಕೊಂಕಣಿ. ಕಿತ್ಯಾಕ್ ಅಂದರೆ ಯಾಕೆ. ಸಂಜೆಯ ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆಯನ್ನು ಜ್ವರ ಬಂದರೂ ತಪ್ಪಿಸದವಳು ನನ್ನ ಅಮ್ಮ. ಅವಳ ಪ್ರಶ್ನೆಯಲ್ಲಿ ಅಪನಂಬಿಕೆ ಇರಲಿಲ್ಲ. ಮಾರ್ಕೆಟ್ಟಿಗೆ ಹೊರಟವನನ್ನು ಯಾಕೆ ಹೊರಟೆ, ಏನು ತರಬೇಕು ಎಂದು ಕೇಳುವ ಹಾಗೆ ಕೇಳಿದ್ದಳು. ನನಗೆ ಉತ್ತರ ತೋಚಲಿಲ್ಲ. ಇವತ್ತಿಗೂ ಪೂರ್ತಿ ತೋಚಿಲ್ಲ. ಈ ಬರಹ ಆ ಒಂದು ಶಬ್ದದ ಹಿಂದೆ ನಾನು ನಡೆದಷ್ಟು ದೂರದ ಲೆಕ್ಕ.

ಆ ದಿನ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದೆ: ತೃತೀಯಾ, ಇಂದ. ಚತುರ್ಥೀ, ಗೆ, ಇಗೆ, ಕ್ಕೆ. ಬರೆಯುತ್ತಿದ್ದ ಹಾಗೇ ಕೈ ನಿಂತಿತು. ನಮ್ಮ ‘ಯಾಕೆ’ ಎಂಬ ಶಬ್ದ ರೂಪದಲ್ಲಿ ಚತುರ್ಥಿ. ಯಾತಕ್ಕೆ, ಏತಕ್ಕೆ. ಕೊಂಕಣಿಯ ಕಿತ್ಯಾಕ್ ಕೂಡ ಹಾಗೆಯೇ, ‘ಕಿತೆಂ’ (ಏನು) ಎಂಬುದಕ್ಕೆ ಚತುರ್ಥಿ. ಆದರೆ ನಾವು ಆ ಶಬ್ದವನ್ನು ಎರಡು ಬೇರೆ ಬೇರೆ ಪ್ರಶ್ನೆ ಕೇಳಲು ಬಳಸುತ್ತೇವೆ. ಯಾತರಿಂದ ಹೀಗಾಯಿತು ಎಂಬುದು ಒಂದು. ಅದು ಹಿಂದಕ್ಕೆ ನೋಡುತ್ತದೆ. ಯಾತಕ್ಕಾಗಿ ಹೀಗಾಯಿತು ಎಂಬುದು ಇನ್ನೊಂದು, ಅದು ಮುಂದಕ್ಕೆ ನೋಡುತ್ತದೆ. ಮಗು ಯಾಕೆ ಅಳುತ್ತಿದೆ ಎಂದರೆ ಹೊಟ್ಟೆನೋವಿನಿಂದ ಅನ್ನಬಹುದು, ಹಾಲಿಗೆ ಅನ್ನಲೂಬಹುದು. ಕ್ರೈಸ್ತ ನಂಬಿಕೆಯ ನಡುಮನೆಯಲ್ಲಿರುವುದು ‘ದೇವರು ಮನುಷ್ಯನನ್ನು ರಕ್ಷಿಸಿದ’ ಎಂಬ ಒಂದೇ ಮಾತು. ಅದರ ಮುಂದೆ ಯಾಕೆ ಎಂದಿಟ್ಟರೆ ಈ ಎರಡೂ ಪ್ರಶ್ನೆಗಳು ಏಳುತ್ತವೆ. ಐವತ್ತು ವರ್ಷ ಭಾನುವಾರದ ಪೂಜೆಗೆ ಹೋದವನು ನಾನು. ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟುಕೊಂಡೇ ಬಂದಿದ್ದೆ ಎಂದು ಅರಿವಾದದ್ದು ಆ ಬೋರ್ಡಿನ ಮುಂದೆ.

ಪುಣ್ಯ ಗಟ್ಟಿ ಇತ್ತು

ಅದೇ ವಾರ ಚಾ ಅಂಗಡಿಯಲ್ಲಿ ಎಲ್ಲರದೂ ಒಂದೇ ಮಾತು: “ಆ ಡ್ರೈವರನ ಪುಣ್ಯ ಗಟ್ಟಿ ಇತ್ತು ಮಾರಾಯ.” ನನಗೂ ಒಬ್ಬರು ಹಾಗೇ ಹೇಳಿದರು, “ಮಾಸ್ತರೇ, ನಿಮ್ಮ ತಂದೆ ಮಾಡಿದ ಪುಣ್ಯ.” ಪ್ರೀತಿಯಿಂದ ಹೇಳಿದ ಮಾತು, ಅವರ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ಆದರೆ ಸೇತುವೆ ಬೀಳುವುದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಿತ್ತು. ಹೆದ್ದಾರಿ ಬದಿಯಲ್ಲಿ ಚಾ ಮಾಡಿ ಕೊಡುತ್ತಿದ್ದ ಕುಟುಂಬ ಗಂಗಾವಳಿ ನದಿಯ ಪಾಲಾಗಿತ್ತು. ಲಾರಿಯೊಂದರ ಚಾಲಕನನ್ನು ಇನ್ನೂ ಹುಡುಕುತ್ತಿದ್ದರು, ಅವನ ದೇಹ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಇಲ್ಲಿಯ ಡ್ರೈವರನ ಪುಣ್ಯ ಗಟ್ಟಿ ಇತ್ತು ಎಂದರೆ ಅಲ್ಲಿಯ ಡ್ರೈವರನದು ಸಡಿಲ ಇತ್ತು ಎಂದು ಹೇಳಿದ ಹಾಗಾಗುತ್ತದೆ. ಅವನ ತಾಯಿಯ ಎದುರು ನಿಂತು ಇದನ್ನು ಹೇಳುವ ಗಂಟಲು ನಮ್ಮಲ್ಲಿ ಯಾರಿಗಿದೆ? ‘ದೇವರು ನನ್ನನ್ನು ಕಾಪಾಡಿದ’ ಎಂಬ ನನ್ನ ಮಾತೂ ಅದೇ ತಕ್ಕಡಿಯಲ್ಲಿ ಕೂತಿತ್ತೆಂದು ಆಗ ತಿಳಿಯಿತು. ಅಮ್ಮನಿಗೆ ಅದು ಕುಚ್ಚಲಕ್ಕಿ ತೊಳೆಯುವಾಗಲೇ ತಿಳಿದಿತ್ತು.

ಯೇಸುವಿನ ಕಿವಿಗೂ ಇಂಥ ಚಾ ಅಂಗಡಿಯ ಮಾತು ಬಿದ್ದಿತ್ತು. ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಆ ಭಾಗವಿದೆ. ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ದರು. ಆ ಹದಿನೆಂಟು ಮಂದಿ ಯೆರೂಸಲೇಮಿನ ಉಳಿದವರೆಲ್ಲರಿಗಿಂತ ಹೆಚ್ಚು ತಪ್ಪಿತಸ್ಥರೆಂದು ನೆನೆಸುತ್ತೀರಾ ಎಂದು ಯೇಸು ಕೇಳುತ್ತಾನೆ. ಅಲ್ಲ ಎಂದು ತಾನೇ ಹೇಳುತ್ತಾನೆ. ಬುರುಜು ಯಾಕೆ ಬಿತ್ತೆಂದು ವಿವರಿಸುವುದಿಲ್ಲ. ಸತ್ತವರ ಪಾಪದ ಲೆಕ್ಕ ತೆಗೆಯುವುದಿಲ್ಲ, ಬದುಕಿದವರ ಪುಣ್ಯದ ಲೆಕ್ಕವನ್ನೂ ತೆಗೆಯುವುದಿಲ್ಲ. ನೀವು ದೇವರ ಕಡೆ ತಿರುಗಿಕೊಳ್ಳಿ ಎಂದು ಬದುಕಿದವರ ಕಡೆ ಬೆರಳು ಮಾಡುತ್ತಾನೆ, ಆಮೇಲೆ ಒಂದು ಅಂಜೂರದ ಮರದ ಕತೆ ಹೇಳುತ್ತಾನೆ. ಆ ಮರದ ಹತ್ತಿರ ಕೊನೆಗೆ ಬರುತ್ತೇನೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸೇತುವೆಯಿಂದ ಪಾರಾಗುವುದೂ ಕ್ರೈಸ್ತರು ಹೇಳುವ ರಕ್ಷಣೆಯೂ ಒಂದೇ ಅಲ್ಲ. ಶಿರೂರಿನ ದಿನಗಳಲ್ಲಿ ಟಿವಿ ಪರದೆಯ ಅಡಿಯಲ್ಲಿ ‘ರಕ್ಷಣಾ ಕಾರ್ಯಾಚರಣೆ’ ಎಂದು ಓಡುತ್ತಲೇ ಇತ್ತು. ಭಾನುವಾರ ಕನ್ನಡ ಬೈಬಲ್ ತೆರೆದರೆ ಅಲ್ಲಿಯೂ ಅದೇ ‘ರಕ್ಷಣೆ’. ಆದರೆ ಯೇಸು ಹುಟ್ಟುವ ಮೊದಲು ದೂತನು ಯೋಸೇಫನಿಗೆ ಹೇಳಿದ್ದು, ಅವನು ತನ್ನ ಜನರನ್ನು ಅವರ ಪಾಪಗಳಿಂದ ಬಿಡಿಸಿ ಕಾಯುವನು ಎಂದು. ನೀರಿನಿಂದ, ಗುಡ್ಡದಿಂದ ಎಂದಲ್ಲ. ಕೊಂಕಣಿಯಲ್ಲಿ ನಾವು ಇದಕ್ಕೆ ‘ಸೊಡ್ವಣ್’ ಅನ್ನುತ್ತೇವೆ, ರಕ್ಷಕನಿಗೆ ‘ಸೊಡ್ವಣ್ದಾರ್’. ಸೊಡ್ ಎಂದರೆ ಬಿಡು. ಬಲೆಗೆ ಸಿಕ್ಕಿದ್ದನ್ನು ಬಿಡಿಸುವುದು, ಗಂಟು ಹಾಕಿದ್ದನ್ನು ಬಿಡಿಸುವುದು. ಕನ್ನಡದಲ್ಲಿ ‘ಉದ್ಧಾರ’ ಎಂಬ ಇನ್ನೊಂದು ಶಬ್ದವಿದೆ, ಮೇಲಕ್ಕೆತ್ತುವುದು ಎಂದು ಅದರ ಅರ್ಥ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ‘ಸೋಜೋ’ ಎಂಬ ಕ್ರಿಯಾಪದ ಕಾಯಿಲೆ ವಾಸಿ ಮಾಡುವುದಕ್ಕೂ ಪಾಪದಿಂದ ಬಿಡಿಸುವುದಕ್ಕೂ ಬರುತ್ತದೆ. ಯೇಸುವಿನ ಶಿಷ್ಯ ಪೇತ್ರನು ನೀರಿನಲ್ಲಿ ಮುಳುಗುವಾಗ ಕಾಪಾಡು ಎಂದು ಕೂಗಿದ್ದೂ ಅದೇ ಪದದಲ್ಲಿ. ಹಾಗಾಗಿ ನದಿಯಿಂದ ಎತ್ತುವುದು ಆ ದೊಡ್ಡ ಸಂಗತಿಯ ಗುರುತಾಗಬಹುದು. ಗುರುತು ಹಿಡಿದು ಅದನ್ನೇ ವಸ್ತು ಅಂದುಕೊಂಡರೆ, ಎತ್ತಲಾಗದೆ ಹೋದವರನ್ನು ದೇವರು ಕೈಬಿಟ್ಟ ಎಂಬಲ್ಲಿಗೆ ಹೋಗಿ ಮುಟ್ಟುತ್ತೇವೆ. ಶಿಲುಬೆಯ ಮೇಲಿದ್ದವನನ್ನೂ ಯಾರೂ ಜೀವಸಹಿತ ಇಳಿಸಿಕೊಳ್ಳಲಿಲ್ಲ. ಅವನನ್ನು ನಂಬುವವರು ಇದನ್ನು ಮರೆಯಬಾರದು.

ತೃತೀಯಾ: ಯಾತರಿಂದ

ಮೊದಲ ಯಾಕೆ, ಕಾರಣದ ಯಾಕೆ. ಇದಕ್ಕೆ ಬೈಬಲ್ ಕೊಡುವ ಉತ್ತರ ಎಷ್ಟು ಚಿಕ್ಕದೆಂದರೆ, ನಮಗೆ ಅದು ಸಾಕು ಅನ್ನಿಸುವುದಿಲ್ಲ. ಧರ್ಮೋಪದೇಶ ಕಾಂಡದ 7ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರಿಗೆ ಹೇಳುವ ಮಾತು ಕೇಳಿ: ನೀವು ಬೇರೆ ಜನಾಂಗಗಳಿಗಿಂತ ಹೆಚ್ಚು ಮಂದಿ ಎಂದು ಕರ್ತನು ನಿಮ್ಮನ್ನು ಆರಿಸಿಕೊಳ್ಳಲಿಲ್ಲ, ನೀವು ಎಲ್ಲರಿಗಿಂತ ಸ್ವಲ್ಪ ಜನ, ಆತನು ನಿಮ್ಮನ್ನು ಪ್ರೀತಿಸಿದ್ದರಿಂದ ಆರಿಸಿಕೊಂಡ. ಅಂದರೆ, ಯಾಕೆ ಪ್ರೀತಿಸಿದ ಎಂದರೆ ಪ್ರೀತಿಸಿದ್ದರಿಂದ. ತರ್ಕದವರು ಇದನ್ನು ಉತ್ತರ ಎಂದೇ ಒಪ್ಪಲಿಕ್ಕಿಲ್ಲ. ತಾಯಂದಿರು ಒಪ್ಪುತ್ತಾರೆ. ರೋಮ್‌ನವರಿಗೆ ಪತ್ರ ಬರೆಯುವಾಗ ಯೇಸುವಿನ ಅಪೊಸ್ತಲ ಪೌಲನು ಇದನ್ನೇ ಇನ್ನೂ ಬಿಗಿಯಾಗಿ ಹೇಳುತ್ತಾನೆ. ನಾವು ಒಳ್ಳೆಯವರಾದ ಮೇಲೆ ಕ್ರಿಸ್ತ ನಮಗಾಗಿ ಸತ್ತದ್ದಲ್ಲ, ಇನ್ನೂ ಪಾಪಿಗಳಾಗಿದ್ದಾಗಲೇ ಸತ್ತ. ಕಾಲದ ಲೆಕ್ಕದಲ್ಲೇ ನಮ್ಮ ಯೋಗ್ಯತೆ ಕಾರಣವಾಗಲು ಸಾಧ್ಯವಿಲ್ಲದ ಹಾಗೆ ಬಾಗಿಲು ಹಾಕಿಬಿಟ್ಟಿದ್ದಾನೆ.

ಕ್ರೈಸ್ತ ಸಭೆಯ ಪಂಡಿತರು ಇದನ್ನು ಅಷ್ಟಕ್ಕೇ ಬಿಡಲಿಲ್ಲ, ಬಿಡಬಾರದು ಕೂಡ. ಅನ್ಸೆಲ್ಮ್ ಎಂಬ ಸನ್ಯಾಸಿ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದವನು, ದೇವರು ಯಾಕೆ ಮನುಷ್ಯನಾದ ಎಂಬ ಪ್ರಶ್ನೆಯನ್ನೇ ಹೆಸರಾಗಿಟ್ಟು 1098ರಲ್ಲಿ ಒಂದು ಪುಸ್ತಕ ಮುಗಿಸಿದ. ಪಾಪ ಎಂದರೆ ದೇವರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸದೆ ಉಳಿಸಿಕೊಂಡ ಸಾಲ. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರೊಬ್ಬನೇ. ಆದ್ದರಿಂದ ದೇವರೂ ಮನುಷ್ಯನೂ ಆದವನೊಬ್ಬ ಬೇಕಾಯಿತು. ಇದು ಅವನ ವಾದ, ಭದ್ರವಾದ ವಾದ. ಆದರೆ ಓದುವಾಗಲೆಲ್ಲ ನನಗೆ ಒಡೆಯ ಮತ್ತು ಗೇಣಿದಾರರ ಕಾಲದ ಖಾತೆ ಪುಸ್ತಕದ ವಾಸನೆ ಬರುತ್ತದೆ. ಲೂಕನ 15ನೆಯ ಅಧ್ಯಾಯದ ತಂದೆ, ಮನೆಬಿಟ್ಟು ಹೋಗಿ ಎಲ್ಲ ಹಾಳುಮಾಡಿಕೊಂಡ ಮಗ ದೂರದಲ್ಲಿ ಕಂಡದ್ದೇ ಓಡುತ್ತಾನೆ. ಅವನ ಕೈಯಲ್ಲಿ ಖಾತೆ ಪುಸ್ತಕವಿರಲಿಲ್ಲ. ಲೆಕ್ಕ ತೆಗೆದವನು ಹಿರಿಯ ಮಗ, ಅವನು ಅಂಗಳದ ಹೊರಗೇ ನಿಂತ.

1547ರ ಜನವರಿಯಲ್ಲಿ ಕಥೋಲಿಕ ಬಿಷಪರು ಕೂಡಿದ್ದ ಟ್ರೆಂಟ್ ಮಹಾಸಭೆ ಈ ಯಾಕೆಯನ್ನು ಐದು ಕಾರಣಗಳಾಗಿ ಬಿಡಿಸಿಟ್ಟಿತು. ಮೇಲ್ನೋಟಕ್ಕೆ ಒಣ ಪಟ್ಟಿ. ಆದರೆ ಒಮ್ಮೆ ನಿಧಾನವಾಗಿ ಓದಿದಾಗ ನನಗೆ ಕಣ್ಣು ತೇವವಾಯಿತು. ಮಾಡಿದವನು ಯಾರು? ಕರುಣೆಯುಳ್ಳ ದೇವರು. ಗಳಿಸಿಕೊಟ್ಟವನು ಯಾರು? ಅವನ ಒಬ್ಬನೇ ಮಗ. ಯಾವುದರ ಮೂಲಕ? ಜ್ಞಾನಸ್ನಾನದ ಮೂಲಕ. ಯಾವುದು ಒಳಗೆ ಬಂದು ನಮ್ಮನ್ನು ನೀತಿವಂತರನ್ನಾಗಿ ಮಾಡುತ್ತದೆ? ದೇವರ ನೀತಿಯೇ. ಈ ಎಲ್ಲಕ್ಕಿಂತ ಮೊದಲು ಆ ಪಟ್ಟಿ ಹೆಸರಿಸುವುದು ಕೊನೆಯ ಕಾರಣವನ್ನು, ಅಂದರೆ ಯಾತಕ್ಕಾಗಿ ಎಂಬುದನ್ನು: ದೇವರ ಮತ್ತು ಕ್ರಿಸ್ತನ ಮಹಿಮೆಗಾಗಿ, ಮತ್ತು ನಿತ್ಯಜೀವಕ್ಕಾಗಿ. ಐದರಲ್ಲಿ ಒಂದು ಕಡೆಯೂ ‘ಇವನು ಒಳ್ಳೆಯವನಾಗಿದ್ದರಿಂದ’ ಎಂಬುದಿಲ್ಲ. ನನ್ನ ತಂದೆಯ ಪುಣ್ಯವೂ ಇಲ್ಲ.

ಶಿರಸಿ ಕಡೆಯ ಹವ್ಯಕ ಗೆಳೆಯನೊಬ್ಬ ನನ್ನ ಸಹೋದ್ಯೋಗಿ. ಇದನ್ನೆಲ್ಲ ಅವನೊಡನೆ ಮಾತಾಡಿದಾಗ ಅವನು ಹೇಳಿದ, “ಇದು ನಮ್ಮ ಕಡೆಯೂ ಹಳೆಯ ಜಗಳವೇ ಮಾರಾಯ. ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ.” ಮಂಗನ ಮರಿ ತಾಯಿಯನ್ನು ತಾನೇ ಅವುಚಿ ಹಿಡಿಯಬೇಕು. ಬೆಕ್ಕಿನ ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಶ್ರೀವೈಷ್ಣವರಲ್ಲಿ ವಡಗಲೆ, ತೆಂಗಲೆ ಎಂಬ ಎರಡು ಪಂಥದವರು ಈ ಎರಡು ದೃಷ್ಟಾಂತ ಹಿಡಿದು ವಾದ ಮಾಡುತ್ತ ಬಂದಿದ್ದಾರೆ. ಪೌಲನನ್ನು ಯಾವ ಕಡೆ ಹಾಕುತ್ತೀಯಾ ಎಂದು ಗೆಳೆಯ ಕೇಳಿದ. ಕಾರಣದ ಮಟ್ಟಿಗೆ ಬೆಕ್ಕಿನ ಕಡೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, “ಹೌದು, ಆದರೆ ಬೆಕ್ಕು ಮರಿಯನ್ನು ಎತ್ತಿಕೊಂಡು ಎಲ್ಲಿಗೆ ಹೋಗುತ್ತದೆ?” ಅವನಿಗೆ ಗೊತ್ತಿಲ್ಲದೆ ಅವನೂ ಅಮ್ಮನ ಪ್ರಶ್ನೆಯನ್ನೇ ಕೇಳಿದ್ದ.

ಮಾಜಾಳಿಯ ರಂಪಣಿ

ನನಗೆ ಒಂಬತ್ತು ವರ್ಷವಾಗಿದ್ದಾಗ, ದಸರೆಯ ರಜೆಯಲ್ಲಿ ಮಾಜಾಳಿಯ ಅಜ್ಜಿಮನೆಗೆ ಹೋಗಿದ್ದೆ. ದೊಡ್ಡ ಸುತ್ತುಬಲೆ ಹಾಕುವ ಪರ್ಸೀನ್ ಬೋಟುಗಳು ಆಗಲೇ ಬಂದಾಗಿತ್ತು, ರಂಪಣಿ ಬಲೆ ಎಳೆಯುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಆದರೂ ಆ ಬೆಳಿಗ್ಗೆ ದಂಡೆಯಲ್ಲಿ ಕೂಗು ಎದ್ದಿತು. ನಾನೂ ನನ್ನ ಮಾವನ ಮಗನೂ ಚಡ್ಡಿ ಏರಿಸಿಕೊಂಡು ಓಡಿದೆವು. ದೋಣಿ ಆಗಲೇ ಸಮುದ್ರದಲ್ಲಿ ದೊಡ್ಡ ಸುತ್ತು ಹಾಕಿ ಬಲೆ ಬಿಟ್ಟು ಬಂದಿತ್ತು. ಎರಡು ತುದಿಯ ಹಗ್ಗಗಳನ್ನು ಎರಡು ಸಾಲು ಜನ ಹಿಮ್ಮೆಟ್ಟುತ್ತ ಎಳೆಯುತ್ತಿದ್ದರು. ನಾವು ಒಂದು ಸಾಲಿನ ಕೊನೆಗೆ ಸೇರಿಕೊಂಡೆವು. ಎಳೆದೆವು ಎಂದು ಹೇಳಲಾರೆ. ಹಗ್ಗ ಒದ್ದೆಯಾಗಿ, ಮರಳು ಮೆತ್ತಿ, ಅಂಗೈ ಉರಿಯುತ್ತಿತ್ತು. ಜೋತುಬಿದ್ದಿದ್ದೆವು ಅಷ್ಟೆ. ಬಲೆಯ ಹೊಟ್ಟೆ ಅಲೆ ದಾಟಿ ಮರಳಿಗೆ ಬಂದಾಗ ಒಳಗೆಲ್ಲ ಬಾಂಗಡೆ. ಬೆಳ್ಳಿಯ ಮೇಲೆ ಹಸಿರು ಗೀರು ಎಳೆದಂಥ ಬೆನ್ನುಗಳು ಒಟ್ಟೊಟ್ಟಿಗೆ ಪಟಪಟ ಬಡಿಯುವ ಸದ್ದು ಒಳ್ಳೆ ಮಳೆಯ ಸದ್ದಿನ ಹಾಗಿತ್ತು.

ಪಾಲು ಹಂಚುವಾಗ ನಾವು ದೂರ ನಿಂತಿದ್ದೆವು. ಬಲೆಯ ತಂಡದ ಮುಖ್ಯಸ್ಥ ತಾಂಡೇಲಜ್ಜ ನಮ್ಮನ್ನು ಕರೆದ. ಬಗಲಲ್ಲಿದ್ದ ಒಬ್ಬ, “ಈ ಪೋರರು ಎಳೆದದ್ದೇನು? ಹಗ್ಗಕ್ಕೆ ಭಾರ ಆದರು” ಎಂದ. ನಿಜವನ್ನೇ ಹೇಳಿದ್ದ. ತಾಂಡೇಲಜ್ಜ ಅವನ ಮಾತನ್ನು ಸುಳ್ಳೆನ್ನಲಿಲ್ಲ. “ದಂಡೆಗೆ ಬಂದಿದ್ದಾರಲ್ಲ, ಇರಲಿ” ಎಂದು ಹೇಳಿ ಎರಡೂ ಕೈ ತುಂಬ ಬಾಂಗಡೆ ಎತ್ತಿ ನಮ್ಮ ಬುಟ್ಟಿಗೆ ಹಾಕಿದ. ಹನ್ನೆರಡು ಇದ್ದವು, ನಾವು ಎಣಿಸಿದ್ದೆವು. ಕೃಪೆ ಎಂಬ ಶಬ್ದ ಕೇಳಿದಾಗ ಇವತ್ತಿಗೂ ನನಗೆ ಕಾಣುವುದು ಆ ಎರಡು ಕೈ. ಬೆರಳ ಸಂದಿಯಲ್ಲಿ ಮೀನಿನ ಪೊರೆ ಮಿಂಚುತ್ತಿದ್ದ ಕೈ.

ಬುಟ್ಟಿ ಎತ್ತಿಕೊಂಡು ಹೊರಟಾಗ ಅಜ್ಜ ಹಿಂದಿನಿಂದ ಕೂಗಿ ಹೇಳಿದ, “ಎಲ್ಲ ನಿಮಗಲ್ಲ ಮಗಾ. ದಾರಿಯಲ್ಲಿ ಆ ಮುದುಕಿಗೆ ನಾಲ್ಕು ಕೊಟ್ಟು ಹೋಗಿ. ಅವಳಿಗೆ ಇಳಿದು ಬರಲಿಕ್ಕೆ ಆಗುವುದಿಲ್ಲ.”

ಚತುರ್ಥೀ: ಯಾತಕ್ಕಾಗಿ

ನನಗೆ ಸಿಟ್ಟು ಬಂದಿತ್ತು. ಕೊಟ್ಟ ಮೇಲೆ ನಮ್ಮದಲ್ಲವೇ? ಮುದುಕಿಗೆ ಕೊಡುವುದಿದ್ದರೆ ಅವಳ ಪಾಲು ಬೇರೆ ಕೊಡಬೇಕಿತ್ತು. ಮುದುಕಿಯ ಮನೆ ತೆಂಗಿನ ತೋಟದ ಅಂಚಿನಲ್ಲಿತ್ತು, ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾಗಾಗಿ ನಾನು ಬುಟ್ಟಿಯಲ್ಲಿದ್ದವುಗಳಲ್ಲಿ ತೀರ ಸಣ್ಣವನ್ನು ಆರಿಸಿದೆ, ನಾಲ್ಕಲ್ಲ, ಮೂರು. ಅವಳು ಜಗುಲಿಯಲ್ಲಿ ಕೂತೇ ಕೈ ಚಾಚಿದಳು. ಒಂದೊಂದನ್ನೇ ಬೆರಳಿನಿಂದ ತಲೆಯಿಂದ ಬಾಲದವರೆಗೆ ಸವರಿದಳು, ಹೊಟ್ಟೆ ಒತ್ತಿ ನೋಡಿದಳು, ಕಿವಿರಿನ ಮುಚ್ಚಳ ಎತ್ತಿ ಬೆರಳು ಇಟ್ಟಳು. ಮೀನು ಎಷ್ಟು ಚಿಕ್ಕದೆಂದು ಅವಳಿಗೆ ಖಂಡಿತ ತಿಳಿದಿತ್ತು. “ತಾಜಾ ಇದೆ” ಎಂದಳು. ಆಮೇಲೆ ನಮ್ಮ ಭಾಷೆಯಲ್ಲಿ ‘ದೇವ್ ಬರೆಂ ಕರುಂ’ ಅಂದಳು. ದೇವರು ಒಳ್ಳೆಯದು ಮಾಡಲಿ. ನಲವತ್ತು ವರ್ಷ ದಾಟಿತು, ಆ ಬೆರಳುಗಳು ನನ್ನನ್ನು ಬಿಟ್ಟಿಲ್ಲ. ಪಾಪನಿವೇದನೆಗೆ ಹೋದಾಗಲೆಲ್ಲ ಗುರುಗಳ ಮುಂದೆ ಏನೇನೋ ಹೇಳಿದ್ದೇನೆ, ಇದನ್ನು ಹೇಳಿದ್ದು ತೀರ ಈಚೆಗೆ.

ಪೌಲನು ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ 8ರಿಂದ 10ರವರೆಗೆ ಮೂರು ವಚನಗಳಿವೆ. ಎಂಟು ಒಂಬತ್ತನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಅದು ನಿಮ್ಮಿಂದ ಉಂಟಾದದ್ದಲ್ಲ, ನಿಮ್ಮ ಕ್ರಿಯೆಗಳಿಂದಲ್ಲ, ಯಾರೂ ಹೆಚ್ಚಳಪಡುವಂತಿಲ್ಲ. ಅಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಹತ್ತನೆಯದು ಹೇಳುತ್ತದೆ: ನಾವು ದೇವರ ಕೈಕೆಲಸ, ಒಳ್ಳೆಯ ಕ್ರಿಯೆಗಳಿಗಾಗಿ ಕ್ರಿಸ್ತ ಯೇಸುವಿನಲ್ಲಿ ಸೃಷ್ಟಿಯಾದವರು. ಕ್ರಿಯೆಗಳಿಂದಲ್ಲ, ಕ್ರಿಯೆಗಳಿಗಾಗಿ. ಶಬ್ದ ಅದೇ, ಬದಲಾದದ್ದು ವಿಭಕ್ತಿ. ವ್ಯಾಕರಣ ಕಲಿಸಿ ಹೊಟ್ಟೆ ಹೊರೆಯುವವನಿಗೆ ಇದು ಇಷ್ಟು ವರ್ಷ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ನೋವಾಯಿತು. ಚತುರ್ಥೀ ವಿಭಕ್ತಿಯ ಕಾರಕಕ್ಕೆ ನಮ್ಮ ವೈಯಾಕರಣರು ಇಟ್ಟ ಹೆಸರು ‘ಸಂಪ್ರದಾನ’. ಕೊಡುವುದು. ಯಾರಿಗೆ ಕೊಡುತ್ತೇವೋ ಅವರ ಹೆಸರಿಗೆ ಅಂಟುವ ಪ್ರತ್ಯಯ ಅದು: ಮುದುಕಿಗೆ.

ನಾವು ಮಾಡಿಕೊಂಡಿರುವ ಅದಲುಬದಲು ಇದೇ ಎಂದು ನನಗನ್ನಿಸುತ್ತದೆ. ಕಾರಣ ಕೇಳಿದರೆ ನಮ್ಮ ಒಳಗೆ ಹುಡುಕುತ್ತೇವೆ. ನಾನು ಒಂಬತ್ತು ತಿಂಗಳ ಮೊದಲ ಶುಕ್ರವಾರದ ಪೂಜೆ ತಪ್ಪಿಸಲಿಲ್ಲ, ನನ್ನ ನಂಬಿಕೆ ಬಲವಾಗಿತ್ತು, ನನ್ನ ತಂದೆ ಧರ್ಮಿಷ್ಠ. ಉದ್ದೇಶ ಕೇಳಿದರೆ ಆಗಲೂ ನಮ್ಮ ಹತ್ತಿರವೇ ಬಂದು ನಿಲ್ಲುತ್ತೇವೆ: ನನಗೆ ಸ್ವರ್ಗ ಸಿಗಲಿಕ್ಕೆ. ಮೊದಲನೆಯದು ಪೂರ್ತಿ ದೇವರಿಗೆ ಸೇರಿದ್ದು. ಎರಡನೆಯದು ನನ್ನನ್ನು ಹಾದು ಬೇರೆಯವರ ಜಗುಲಿಗೆ ಹೋಗಬೇಕಾದದ್ದು. ಚಿಕ್ಕಂದಿನ ದೊತೊರ್ನ್, ಅಂದರೆ ಧರ್ಮಪಾಠದ ತರಗತಿಯಲ್ಲಿ, ದೇವರು ನಿನ್ನನ್ನು ಯಾಕೆ ಸೃಷ್ಟಿಸಿದ ಎಂಬ ಪ್ರಶ್ನೆಗೆ ನಾವು ಕೈಕಟ್ಟಿ ಒಪ್ಪಿಸುತ್ತಿದ್ದ ಉತ್ತರದಲ್ಲಿ ಮೂರು ಕ್ರಿಯಾಪದಗಳಿದ್ದವು: ಆತನನ್ನು ಅರಿಯಲು, ಪ್ರೀತಿಸಲು, ಈ ಲೋಕದಲ್ಲಿ ಆತನ ಸೇವೆ ಮಾಡಲು. ಆಮೇಲೆ ಪರಲೋಕದ ಸುಖ. ನೆನಪಿನಲ್ಲಿ ಉಳಿದದ್ದು ಆ ಕೊನೆಯದೊಂದು. ಈ ಲೋಕದಲ್ಲಿ ಎಂಬ ಮಾತು ಎಲ್ಲೋ ಜಾರಿಹೋಯಿತು.

ಇದೇ ವಿಷಯಕ್ಕೆ ಕಥೋಲಿಕರೂ ಪ್ರೊಟೆಸ್ಟಂಟರೂ ನಾಲ್ಕುನೂರು ವರ್ಷಕ್ಕೂ ಹೆಚ್ಚು ಕಾಲ ಮುಖ ತಿರುಗಿಸಿಕೊಂಡಿದ್ದರು. ಕ್ರಿಯೆಗಳಿಗೆ ಬೆಲೆಯಿಲ್ಲ ಎಂದು ಪ್ರೊಟೆಸ್ಟಂಟರು ಹೇಳುತ್ತಾರೆಂದು ಕಥೋಲಿಕರ ದೂರು, ಕಥೋಲಿಕರು ಕ್ರಿಯೆಗಳಿಂದ ಸ್ವರ್ಗ ಕೊಳ್ಳುತ್ತಾರೆಂದು ಪ್ರೊಟೆಸ್ಟಂಟರ ದೂರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಪ್ರೊಟೆಸ್ಟಂಟರ ಒಂದು ಪಂಗಡವಾದ ಲೂಥರನ್ ಸಭೆಗಳೂ ಕಥೋಲಿಕ ಸಭೆಯೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ಅದರ ತಿರುಳು ಇಷ್ಟು: ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೇವಲ ಕೃಪೆಯಿಂದ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಪವಿತ್ರಾತ್ಮನು ನಮ್ಮ ಹೃದಯವನ್ನು ಹೊಸದು ಮಾಡಿ ಒಳ್ಳೆಯ ಕ್ರಿಯೆಗಳಿಗೆ ಸಜ್ಜುಮಾಡಿ ಕರೆಯುತ್ತಾನೆ. ಮತ್ತೆ ಅದೇ ಇಂದ, ಅದೇ ಗಾಗಿ. ಭಿನ್ನಾಭಿಪ್ರಾಯಗಳೆಲ್ಲ ಮುಗಿದಿಲ್ಲ, ನನ್ನಂಥವನಿಗೆ ಅವೆಲ್ಲ ಪೂರ್ತಿ ಅರ್ಥವೂ ಆಗುವುದಿಲ್ಲ. ಆದರೆ ಪೌಲನ ಮೂರು ವಚನಗಳನ್ನು ಒಟ್ಟಿಗೆ ಓದಲು ಇಷ್ಟು ಕಾಲ ಬೇಕಾಯಿತು ಎಂಬುದು ನನ್ನನ್ನು ಕಾಡುತ್ತದೆ.

ಹಾಗಾದರೆ ಮನುಷ್ಯನ ಪಾತ್ರವೇ ಇಲ್ಲವೇ ಎಂದು ಗೆಳೆಯ ಕೇಳಿದ್ದ. ಸಂತ ಅಗಸ್ಟೀನ್ ಒಂದು ಪ್ರವಚನದಲ್ಲಿ, ನೀನಿಲ್ಲದೆ ನಿನ್ನನ್ನು ಸೃಷ್ಟಿಸಿದವನು ನೀನಿಲ್ಲದೆ ನಿನ್ನನ್ನು ನೀತಿವಂತನನ್ನಾಗಿ ಮಾಡುವುದಿಲ್ಲ ಎಂದು ಹೇಳಿದ್ದಾನೆ. ಜಕ್ಕಾಯನ ಕತೆ ನೋಡಿ. ಸುಂಕದವನು, ಊರೆಲ್ಲ ದ್ವೇಷಿಸಿದವನು, ಮರ ಹತ್ತಿ ಕೂತಿದ್ದ. ಅವನು ಒಂದು ಪೈಸೆ ಹಿಂದಿರುಗಿಸುವ ಮೊದಲೇ ಯೇಸು ಅವನ ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲಿ ಉಳಿಯುತ್ತೇನೆ ಎಂದ. ಅರ್ಧ ಆಸ್ತಿ ಬಡವರಿಗೆ ಎಂಬ ಮಾತು ಬಂದದ್ದು ಆಮೇಲೆ. ಮುದುಕಿಗೆ ನಾಲ್ಕು ಮೀನು ಕೊಟ್ಟಿದ್ದರೆ ತಾಂಡೇಲಜ್ಜ ನಮಗೆ ಹನ್ನೆರಡು ಕೊಡುತ್ತಿದ್ದ ಎಂದಲ್ಲ, ಹನ್ನೆರಡು ಆಗಲೇ ಬುಟ್ಟಿಯಲ್ಲಿದ್ದವು. ನಾನು ಮೋಸ ಮಾಡಿದ್ದರಿಂದ ಅವನು ವಾಪಸು ಕಿತ್ತುಕೊಳ್ಳಲೂ ಇಲ್ಲ. ಆದರೆ ಆ ರಾತ್ರಿ ಅಜ್ಜಿ ಮಾಡಿದ ಬಾಂಗಡೆ ಸಾರು ನನಗೆ ಗಂಟಲಲ್ಲಿ ಇಳಿಯಲಿಲ್ಲ. ಕೊಟ್ಟದ್ದು ಸುಳ್ಳಾಗಿರಲಿಲ್ಲ. ಯಾತಕ್ಕೆ ಕೊಟ್ಟನೋ ಅದು ಮಾತ್ರ ನನ್ನ ಕೈಯಲ್ಲಿ ಕೆಟ್ಟಿತ್ತು.

ಇದೊಂದು ವರ್ಷ

ಶಿರೂರಿನವರ ಪ್ರಶ್ನೆಗೆ ಇದರಲ್ಲಿ ಎಲ್ಲಿಯೂ ಉತ್ತರವಿಲ್ಲ. ಅವರು ಯಾಕೆ ಹೋದರು ಎಂದು ಯಾವ ವಿಭಕ್ತಿಯಲ್ಲಿ ಕೇಳಿದರೂ ನನ್ನ ಹತ್ತಿರ ಹೇಳಲು ಏನಿಲ್ಲ. ಸಿಲೋವದ ಬುರುಜಿನ ಹತ್ತಿರ ಯೇಸುವೂ ಆ ವಿವರಣೆ ಕೊಡಲಿಲ್ಲ. ಕೊಟ್ಟದ್ದು ಅಂಜೂರದ ಮರದ ಕತೆಯನ್ನು. ತೋಟದಲ್ಲಿ ಒಂದು ಅಂಜೂರದ ಮರ, ಮೂರು ವರ್ಷದಿಂದ ಯಜಮಾನ ಹಣ್ಣು ಹುಡುಕಿ ಬರುತ್ತಾನೆ, ಸಿಗುವುದಿಲ್ಲ. ಕಡಿದುಹಾಕು, ಭೂಮಿಯನ್ನು ಯಾಕೆ ಕೆಡಿಸಬೇಕು ಎನ್ನುತ್ತಾನೆ. ತೋಟಗಾರ ಬೇಡಿಕೊಳ್ಳುತ್ತಾನೆ: ಇದೊಂದು ವರ್ಷ ಬಿಡಿ ಒಡೆಯಾ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ. ಮರ ಉಳಿದದ್ದು ಅದರ ಯಾವ ಗುಣದಿಂದಲೂ ಅಲ್ಲ, ಅದರಲ್ಲಿ ಒಂದು ಹಣ್ಣೂ ಇರಲಿಲ್ಲ. ಉಳಿದದ್ದು ಇನ್ನೊಬ್ಬ ಬೇಡಿಕೊಂಡದ್ದರಿಂದ, ಅವನ ಬೆವರಿನಿಂದ. ಉಳಿಸಿದ್ದು ಮಾತ್ರ ಹಣ್ಣಿಗಾಗಿ. ಮರುವರ್ಷ ಅದು ಫಲ ಕೊಟ್ಟಿತೋ ಇಲ್ಲವೋ, ಲೂಕ ಹೇಳುವುದಿಲ್ಲ.

ನಮ್ಮ ಹಿತ್ತಲಲ್ಲಿ ಬಾವಿಯ ಪಕ್ಕ ಒಂದು ತೆಂಗಿನಮರವಿದೆ. ಎತ್ತರ ಬೆಳೆದಿದೆ, ಗರಿ ಹಸಿರಾಗಿದೆ, ಆದರೆ ಕಾಯಿ ಹಿಡಿಯುತ್ತಿಲ್ಲ. ಕಾಯಿ ಕೀಳಲು ಬರುವವನು ಎರಡು ಸಲ ಹೇಳಿದ, “ಇದನ್ನ ತೆಗೆಸಿಬಿಡಿ, ಮನೆ ಮೇಲೆ ಬಿದ್ದೀತು.” ಅಮ್ಮ ಒಪ್ಪಲಿಲ್ಲ. ಸೇತುವೆ ಬಿದ್ದ ವರ್ಷ ಮಳೆ ಹಿಡಿತಕ್ಕೆ ಬಂದ ಮೇಲೆ ಒಂದು ಬೆಳಿಗ್ಗೆ ನಾನು ಎದ್ದು ನೋಡಿದರೆ ಅವಳು ಸಣ್ಣ ಗುದ್ದಲಿ ಹಿಡಿದು ಆ ಮರದ ಬುಡ ಬಿಡಿಸುತ್ತಿದ್ದಳು. ಸುತ್ತ ವೃತ್ತವಾಗಿ ಮಣ್ಣು ತೆಗೆದು, ಹಳೆಯ ಬೇರಿನ ಜಡೆ ಕತ್ತರಿಸಿ, ಒಲೆಯ ಬೂದಿ, ಹರಳುಪ್ಪು, ಮಾರ್ಕೆಟ್ಟಿನಿಂದ ತರಿಸಿದ ಒಣಮೀನಿನ ಚೂರು, ಎಲ್ಲ ಸಾಲಾಗಿ ಇಟ್ಟುಕೊಂಡಿದ್ದಳು. ಕೈಗೆಲ್ಲ ಮೀನಿನ ವಾಸನೆ. ನಾನು ಗುದ್ದಲಿ ಕೇಳಿದೆ, ಕೊಡಲಿಲ್ಲ. ಅರ್ಧ ಬುಡ ಆದ ಮೇಲೆ ಸೊಂಟ ಹಿಡಿದುಕೊಂಡು ಬಾವಿಕಟ್ಟೆಗೆ ಕೂತಳು. ಆಗ ನಾನು ಕೇಳಿದೆ, “ಅವತ್ತು ಕಿತ್ಯಾಕ್ ಅಂದೆಯಲ್ಲ, ನೀನು ಕೇಳಿದ್ದು ಯಾತರಿಂದ ಅಂತಲೋ, ಯಾತಕ್ಕೆ ಅಂತಲೋ?” ಅವಳಿಗೆ ನನ್ನ ವಿಭಕ್ತಿ ಅರ್ಥವಾಗಲಿಲ್ಲ. “ನಿನ್ನನ್ನ ಉಳಿಸಿದ್ದಾನೆ, ಏನೋ ಕೆಲಸ ಇರಬೇಕು, ಕೇಳು ಅಂತ ಹೇಳಿದೆ ಅಷ್ಟೆ” ಎಂದು ಗುದ್ದಲಿಯನ್ನು ನನ್ನ ಕಡೆ ನೂಕಿದಳು.

ಉಳಿದರ್ಧ ಬುಡ ನಾನು ಬಿಡಿಸಿದೆ. ಮರ ಇನ್ನೂ ಕಾಯಿ ಕೊಟ್ಟಿಲ್ಲ. ಅಮ್ಮನಿಗೆ ಈಗ ಬಗ್ಗಲು ಆಗುವುದಿಲ್ಲ, ಜಗುಲಿಯಲ್ಲಿ ಕೂತು ಎಷ್ಟು ಆಳ ಅಗೆಯಬೇಕೆಂದು ಹೇಳುತ್ತಾಳೆ. ಈ ಸಲ ಒಣಮೀನು ನಾನೇ ತರಬೇಕು.